ತಿಕೋಟಾದಲ್ಲಿ ಒಂದೇ ಸಲ ಸತ್ತವನು

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಪಣ ಕಟ್ಟಿ. ನನ್ನ ಮಾತು ನಂಬಿ ಮೋಸಹೋದವರು ವಿಜಾಪುರದ ಸಿದ್ಧೇಶ್ವರ ಗುಡಿಯಿಂದ ಹಿಡಿದು ಅಥಣಿ ರಸ್ತೆಯ ತುದಿಯವರೆಗೂ ಇದ್ದಾರೆ. ಇವತ್ತಿಗೂ ನಾನು ಯಾರದಾದರೂ ಮನೆಗೆ ಹೋಗಿ ಎದ್ದು ಬಂದರೆ, ಆ ಮನೆಯವರು ಚಪ್ಪಲಿ ಝಾಡಿಸಿ ಹಾಕಿಕೊಳ್ಳುತ್ತಾರೆ, ಒಳಗೆ ಏನು ಬಿಟ್ಟು ಹೋಗಿದ್ದಾನೋ ಎಂದು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಒಂದೇ ಒಂದು ಸಂಗತಿ ಸುಳ್ಳು. ಉಳಿದದ್ದೆಲ್ಲ ಖರೇ. ತಾಕತ್ತಿದ್ದರೆ ಹಿಡಿಯಿರಿ.

ಹೋದ ತಿಂಗಳು ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಮದುವೆಯ ಹಂದರ ಹಾಕಿದ್ದರು. ಸುಡು ಬೇಸಿಗೆಯ ಮಧ್ಯಾಹ್ನ. ಮೇಲೆ ನೆರಳಿಗೆ ಹೊದಿಸಿದ ತಾಡಪತ್ರಿ ಕಾದು ಅದರ ವಾಸನೆ ಕೆಳಗಿಳಿಯುತ್ತಿತ್ತು. ಮೂಲೆಯಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ರೊಟ್ಟಿಗೆ ಜೋಳದ ಹಿಟ್ಟು ನಾದುತ್ತಿದ್ದರು. ಆ ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಕೂತಲ್ಲಿಂದ ಎದ್ದುಬಿಟ್ಟೆ. ಮೊಮ್ಮಗಳು ಓಡಿಬಂದು ಕೈ ಹಿಡಿದಳು.

“ಯಜ್ಜಾ, ಯಾಕ ಎದ್ದಿ?”

“ಬಿಸಲವ್ವಾ, ಬಿಸಲ.”

ಬಿಸಿಲಲ್ಲ. ಅದು ಅರವತ್ತು ವರ್ಷದ ಹಿಂದಿನ ಅಂಜಿಕೆ. ಚೀನಾ ಯುದ್ಧಕ್ಕೂ ಮೊದಲಿನ ಬೇಸಿಗೆಯಲ್ಲಿ ಒಳಗೆ ಹೊಕ್ಕದ್ದು ಇನ್ನೂ ಹೊರಗೆ ಬಂದಿಲ್ಲ.

ಆಗ ನನಗೆ ಇಪ್ಪತ್ನಾಲ್ಕು. ನಾಟಕ ಕಂಪನಿಯಲ್ಲಿ ನಾನು ಖಳನಾಯಕ. ನನ್ನಂಥ ಖಳನಾಯಕ ಆ ಸೀಮೆಯಲ್ಲಿ ಮೊದಲು ಇರಲಿಲ್ಲ, ಆಮೇಲೂ ಹುಟ್ಟಲಿಲ್ಲ. ಚಳಿಗಾಲದಲ್ಲಿ ಕಂಪನಿ ವಿಜಾಪುರದಲ್ಲಿತ್ತು, ಸಿದ್ಧೇಶ್ವರ ಗುಡಿಯ ಹತ್ತಿರ. ಬೆಳಿಗ್ಗೆ ನಾನು ಕಾಯಿಪಲ್ಲೆ ತರಲು ಬಜಾರಕ್ಕೆ ಹೋದರೆ ಹೆಂಗಸರು ಸೆರಗು ಎಳೆದುಕೊಂಡು ದೂರ ಸರಿಯುತ್ತಿದ್ದರು. ಒಬ್ಬಾಕೆಯಂತೂ “ಮಾರಾಯನಂಥ ಹುಡುಗನ್ನ ಕೊಲ್ಲಾಕ ನಿನಗ ಮನಸ್ಸರ ಹೆಂಗ ಬಂತಲೇ?” ಎಂದು ಹುಳುಕು ಬದನೆಕಾಯಿ ಒಗೆದಳು. ಅದನ್ನು ನಾನು ಮೂರು ದಿನ ನನ್ನ ಟ್ರಂಕಿನ ಮೇಲೆ ಇಟ್ಟುಕೊಂಡಿದ್ದೆ. ಇನ್ನೊಬ್ಬರಾಗಿದ್ದರೆ ಪದಕವನ್ನೂ ಹಾಗೆ ಇಟ್ಟುಕೊಳ್ಳುತ್ತಿರಲಿಲ್ಲ.

ನನ್ನ ಹೆಚ್ಚುಗಾರಿಕೆ ಇದ್ದದ್ದು ನಗುವಿನಲ್ಲಿ. ಕೊಂದಮೇಲೆ ನಾನು ನಗುತ್ತಿದ್ದೆ. ಸಣ್ಣಗೆ ಶುರುಮಾಡಿ, ಹೊಟ್ಟೆಯಿಂದ ಎತ್ತಿ, ತಗಡಿನ ಗೋಡೆ ಝಣ ಝಣ ಅನ್ನುವವರೆಗೆ. ಹಿಂದಿನ ಸಾಲಿನ ಕೂಸುಗಳು ಅಳುತ್ತಿದ್ದವು. ಉಳಿದ ಹೊತ್ತಿನಲ್ಲಿ ನನ್ನ ಕೆಲಸವೆಂದರೆ ಜನರನ್ನು ಅಂಜಿಸುವುದು. ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಓತಿಕ್ಯಾತ ಬಿಟ್ಟದ್ದು ನಾನೇ. ಕಂಪನಿ ಮಾಲಕರ ಹಾಸಿಗೆಯಲ್ಲಿ ಹುರಿಹಗ್ಗದ ಹಾವು ಮಲಗಿಸಿದ್ದೂ ನಾನೇ. ಅಂಜುವುದು ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ, ಅದು ಬೇರೆಯವರಿಗೆ ಆಗುವಂಥದ್ದು ಅಂದುಕೊಂಡಿದ್ದೆ.

ನಾನು ದಿನಾ ಕೊಲ್ಲುತ್ತಿದ್ದ ನಾಯಕನ ಹೆಸರು ಚನ್ನಬಸು. ನೀವು ಅವನನ್ನು ಬೇರೆ ಹೆಸರಿನಿಂದ ಬಲ್ಲಿರಿ. ದಿಲ್ಲಿಯವರು ಕರೆದು ಪದಕ ಹಾಕಿದ, ದೂರದೇಶದವರು ಎದ್ದುನಿಂತು ಚಪ್ಪಾಳೆ ಹೊಡೆದ ಸಿನೆಮಾ ನಿರ್ದೇಶಕ ಅವನೇ. ಆಗ ಮಾತ್ರ ಕಳ್ಳಕವಟಗಿ ಹಳ್ಳಿಯಲ್ಲಿ ಕುರಿ ಕಾಯ್ದು ಬಂದ ಇಪ್ಪತ್ತೆರಡರ ಹುಡುಗ, ಕಂಠ ಚಲೋ ಇತ್ತು ಎಂದು ಕಂಪನಿಗೆ ಸೇರಿದವನು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವನೊಬ್ಬ ಖಾಲಿ ಥಿಯೇಟರಿನಲ್ಲಿ ಕೂತಿರುತ್ತಿದ್ದ. ಥಿಯೇಟರೆಂದರೆ ಏನು, ಸುತ್ತಲೂ ತಗಡು, ಮೇಲೆ ತೂತುಬಿದ್ದ ತಾಡಪತ್ರಿ.

“ಏನ್ ನೋಡಾಕತ್ತಿಯಲೇ ಒಬ್ಬನ ಕುಂತು?”

“ಬೆಳಕ. ಆ ತೂತಿಂದ ಬೀಳತೈತಿ ನೋಡು. ಒಂದು ತಾಸಿಗೆ ಎರಡು ಕುರ್ಚಿ ದಾಟತೈತಿ.”

“ದಾಟಿ ಎಲ್ಲಿ ಹೊಕ್ಕೈತಿ?”

“ಅದನ್ನ ನೋಡಾಕತ್ತೀನಿ.”

ಕುರಿ ಕಾಯುವವರಿಗೆ ನೆರಳು ನೋಡಿ ಹೊತ್ತು ಹೇಳುವ ರೂಢಿ. ಇವನಿಗೆ ಅದು ಕಂಪನಿಗೆ ಬಂದಮೇಲೂ ಹೋಗಿಲ್ಲ ಎಂದು ನಾನು ಎಲ್ಲರ ಮುಂದೆ ಆಡಿಕೊಂಡೆ.

ಈಗಿನವರಿಗೆ ಒಂದು ಪದ್ಧತಿ ಹೇಳಬೇಕು. ಆಗ ಕಂಪನಿ ನಾಟಕದಲ್ಲಿ ಪದ ಚಲೋ ಆದರೆ ಜನ “ಒನ್ಸ್ ಮೋರ್!” ಅನ್ನುತ್ತಿದ್ದರು. ಅಂದರೆ ಮತ್ತೊಮ್ಮೆ ಹಾಡಬೇಕು. ನಮ್ಮ ನಾಟಕದಲ್ಲಿ ಚಲೋ ಪದ ಇದ್ದದ್ದು ಸಾಯುವಾಗ. ನಾನು ಚೂರಿ ಹಾಕುತ್ತೇನೆ, ಚನ್ನಬಸು ಬೀಳುತ್ತಾನೆ, ಬಿದ್ದಲ್ಲೇ ಪದ ಹಾಡಿ ಪ್ರಾಣ ಬಿಡುತ್ತಾನೆ. ಜನ ಒನ್ಸ್ ಮೋರ್ ಅಂದಕೂಡಲೇ ಹೆಣ ಎದ್ದು, ಧೋತರದ ಧೂಳು ಝಾಡಿಸಿ, ಜನಕ್ಕೆ ಕೈಮುಗಿದು ನಿಲ್ಲಬೇಕು. ನಾನು ಮತ್ತೆ ಚೂರಿ ಹಾಕಬೇಕು. ವಿಜಾಪುರದಲ್ಲಿ ಒಂದು ರವಿವಾರ ಅವನು ನಾಲ್ಕು ಸಲ ಸತ್ತ. ಮರುದಿನ ಮಾಲಕರು ಟಾಂಗಾಕ್ಕೆ ಧ್ವನಿವರ್ಧಕದ ಕರ್ಣ ಕಟ್ಟಿ ಊರೆಲ್ಲ ಕೂಗಿಸಿದರು: “ನಮ್ಮ ನಾಯಕ ನಾಕ್ ಸಲ ಸತ್ತಾನ! ಇವತ್ತ ಬಂದ ಐದನೇದು ನೋಡ್ರಿ!”

ಹೋಳಿ ಮುಗಿದಮೇಲೆ ಕಂಪನಿ ತಿಕೋಟಾಕ್ಕೆ ಬಂತು. ಬಿಸಿಲು ಎಂಥದೆಂದರೆ ಕಟ್ಟಿದ ಪರದೆಯ ಬಣ್ಣ ಉದುರುತ್ತಿತ್ತು. ಚನ್ನಬಸು ಒಂದು ದಿನ ಮಾಲಕರ ಎದುರು ನಿಂತ.

“ಮಾಲಕ್ರ, ನಾ ಇನ್ನ ಮ್ಯಾಲೆ ಸತ್ತಮ್ಯಾಲೆ ಏಳೂದಿಲ್ರಿ.”

“ಯಾಕಪಾ? ಟೊಂಕ ಹಿಡದೈತೇನ?”

“ಸತ್ತಾಂವ ಎದ್ದು ಕೈಮುಗದಮ್ಯಾಲೆ, ಅವರವ್ವ ಬಂದು ಯಾಕ ಅಳಬೇಕ್ರಿ?”

“ನಾಟಕದಾಗ ಬರದೈತಂತ ಅಳತಾಳ!” ಮಾಲಕರು ವೀಳ್ಯದೆಲೆ ಉಗುಳಿದರು. “ಮಂದಿ ಏಳಂದ್ರ ಏಳಬೇಕು. ಏಳಲಿಲ್ಲಾ, ಆವತ್ತ ನಿನ್ನ ಗಂಟ ಕಟಗೊಂಡ ಕಳ್ಳಕವಟಗಿ ಹಾದಿ ಹಿಡಿ. ಕುರಿ ಒನ್ಸ್ ಮೋರ್ ಅನ್ನೂದಿಲ್ಲ.”

ಅವನ ತಾಯಿಯ ಪಾತ್ರ ಮಾಡುತ್ತಿದ್ದ ತಾರಾಬಾಯಿ ಮಾತ್ರ “ಹುಡುಗ ಹೇಳೂದು ಖರೇ ಐತ್ರಿ, ನನಗೂ ಅಳು ಬರವಲ್ತು” ಎಂದಳು. ಯಾರೂ ಕೇಳಲಿಲ್ಲ. ನಾನಂತೂ ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಚನ್ನಬಸು ನನ್ನ ಕಡೆ ತಿರುಗಿದ.

“ಮಲ್ಲೇಶಿ, ನೀನೂ ಕೊಂದಮ್ಯಾಲೆ ನಗಬ್ಯಾಡೋ. ಕೊಂದಾಂವಗ ನಗು ಬರೂದಿಲ್ಲ, ಅಂಜಿಕಿ ಬರತೈತಿ.”

“ಎಷ್ಟ್ ಮಂದಿನ ಕೊಂದು ನೋಡೀಯಪಾ ನೀನು?”

“ಒಬ್ಬಾವನ್ನೂ ಇಲ್ಲ. ಆದ್ರ ತೋಳ ಕುರಿ ಹಿಡದಿದ್ದು ನೋಡೀನಿ. ಅದೂ ಸತೇಕ ಹಿಂದ ಮುಂದ ನೋಡತೈತಿ.”

ನನ್ನ ನಗುವಿಗೆ ಕೈ ಹಾಕಿದ! ಬದನೆಕಾಯಿ ಗಳಿಸಿಕೊಟ್ಟ ನಗು! ಆವತ್ತೇ ಅಂದುಕೊಂಡೆ, ಈ ಶಾಣ್ಯಾನಿಗೆ ಸಾಯುವ ಹೊತ್ತಿನಲ್ಲಿ ಕುಯ್ಯೋ ಅನ್ನಿಸಿ, ಮಂದಿಯೆಲ್ಲ ನಗುವಂತೆ ಮಾಡದಿದ್ದರೆ ನಾನು ಮಲ್ಲೇಶಿಯೇ ಅಲ್ಲ.

ನಮ್ಮ ಚೂರಿ ತಗಡಿನದು. ಹಿಡಿಕೆ ಪೊಳ್ಳು, ಒಳಗೆ ಸ್ಪ್ರಿಂಗ್. ಚುಚ್ಚಿದರೆ ಅಲಗು ಹಿಡಿಕೆಯೊಳಗೆ ಸರಿಯುತ್ತಿತ್ತು, ನೋಡುವವರಿಗೆ ಹೊಟ್ಟೆಯೊಳಗೆ ಹೋದಹಾಗೆ. ಚನ್ನಬಸುವಿನ ಅಂಗಿಯ ಕೆಳಗೆ ಕುಂಕುಮದ ನೀರು ತುಂಬಿದ ಬಲೂನು ಇರುತ್ತಿತ್ತು, ರಕ್ತ ಬರಿಸಲಿಕ್ಕೆ. ಸಂತೆಯ ದಿನ ಬೆಳಿಗ್ಗೆ ಅಡುಗೆಯವರು ನಾದಿಟ್ಟ ಹಿಟ್ಟಿನಲ್ಲಿ ಒಂದು ಹಿಡಿ ಕದ್ದೆ. ಹಿಡಿಕೆಯೊಳಗೆ ಎರಡು ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ನನ್ನ ಲೆಕ್ಕ ಇಷ್ಟೇ. ಹಿಟ್ಟು ಮೆತ್ತಗಿರುತ್ತದೆ, ಅಲಗು ಅರ್ಧ ಸರಿದು ನಿಲ್ಲುತ್ತದೆ, ಪಕ್ಕೆಗೆ ಒಂದು ಚಿಟಿಗೆ ಹಾಕಿದಂತೆ ಆಗುತ್ತದೆ, ಅವನು ಹೌಹಾರಿ ಕೂಗುತ್ತಾನೆ.

ಸಂತೆಗೆ ಬಂದವರು ಹೊತ್ತು ಮುಳುಗುವ ಮೊದಲು ಊರು ಮುಟ್ಟಬೇಕು, ಹಾಗಾಗಿ ಆವತ್ತು ಆಟ ಮಧ್ಯಾಹ್ನ ಹನ್ನೆರಡಕ್ಕೆ. ಚೂರಿ ಬೆಳಗಿನಿಂದ ಕಾದ ತಗಡಿನ ಗೋಡೆಗೆ ನೇತುಬಿದ್ದಿತ್ತು. ಜೋಳದ ಹಿಟ್ಟು ತಿಕೋಟಾದ ಬಿಸಿಲಿಗೆ ಆರು ತಾಸು ಸಿಕ್ಕರೆ ಏನಾಗುತ್ತದೆ ಎಂದು ರೊಟ್ಟಿ ಬಡಿಯುವ ಯಾವ ಹೆಂಗಸಾದರೂ ಹೇಳುತ್ತಿದ್ದಳು. ನಾನು ಯಾರನ್ನೂ ಕೇಳಲಿಲ್ಲ.

ಕೊನೆಯ ಅಂಕ ಬಂತು. ರಂಗದ ನಡುವೆ, ಮೈಕಿನ ಕೆಳಗೆ ಸಾಯಬೇಕಾದವನು ಮೂರು ಹೆಜ್ಜೆ ಎಡಕ್ಕೆ ಸರಿದ. ನಾನೂ ಹಿಂದೆ ಹೋದೆ. ಅಲ್ಲಿ ಮೇಲಿನ ತೂತಿನಿಂದ ಕೋಲಿನಂತೆ ಬಿಸಿಲು ಬಿದ್ದಿತ್ತು. ಚೂರಿ ಎತ್ತಿದೆ, ಚುಚ್ಚಿದೆ.

ಅಲಗು ಸರಿಯಲಿಲ್ಲ.

ಒಂದು ಗೋಧಿ ಕಾಳಿನಷ್ಟೂ ಸರಿಯಲಿಲ್ಲ. ಗೂಟಕ್ಕೆ ಚುಚ್ಚಿದರೆ ಮೊಣಕೈವರೆಗೆ ಹೇಗೆ ಬಡಿಯುತ್ತದೋ ಹಾಗೆ ಬಡಿಯಿತು. ಚನ್ನಬಸು “ಹ್ಞಕ್” ಎಂದ. ಆ ಶಬ್ದ ನಾಟಕದಲ್ಲಿ ಇರಲಿಲ್ಲ. ಅಂಗಿ ಕೆಂಪಾಯಿತು. ಆ ಬೆಳಕಿನಲ್ಲೇ ಬಿದ್ದು ಪದ ಶುರುಮಾಡಿದ, ಎರಡನೆಯ ಸಾಲಿಗೆ ದನಿ ತಗ್ಗಿತು, ಮೂರನೆಯದಕ್ಕೆ ನಿಂತಿತು. ಕಣ್ಣು ಅರ್ಧ ತೆರೆದೇ ಇದ್ದವು. ನಾನು ನಗಬೇಕು. ಬಾಯಿ ತೆರೆದೆ. ಗಂಟಲಿನಿಂದ ಬರೀ ಗಾಳಿ ಬಂತು.

“ಒನ್ಸ್ ಮೋರ್!” ಸೀಟಿ, ಚಪ್ಪಾಳೆ, ಟೋಪಿಗಳು ಮೇಲೆ ಹಾರಿದವು. “ಏ ಚನ್ನಬಸು, ಏಳೋ! ಒನ್ಸ್ ಮೋರ್!”

ಅವನು ಏಳಲಿಲ್ಲ.

ಹಟ ಹಿಡಿದಿದ್ದಾನೆ ಎಂದುಕೊಂಡೆ. “ಏಳಲೇ, ಮಾಲಕ್ರ ನೋಡಾಕತ್ತಾರ,” ಎಂದು ಹಲ್ಲು ಕಚ್ಚಿ ಹೇಳಿದೆ. ಪರದೆಯ ಮರೆಯಿಂದ ಮಾಲಕರು ಕೈ ಬೀಸಿ ಬೀಸಿ ಸನ್ನೆ ಮಾಡುತ್ತಿದ್ದರು. ಕೈಯಲ್ಲಿದ್ದ ಚೂರಿ ನೋಡಿದೆ. ತುದಿ ಕೆಂಪು. ನನ್ನ ಬೆರಳು ಕೆಂಪು. ಕುಂಕುಮವೋ, ರಕ್ತವೋ? ಎರಡೂ ನೋಡಲು ಒಂದೇ. ಮೊಣಕಾಲೂರಿ ಬಾಗಿದೆ, ಎರಡು ಬೆರಳು ಅವನ ಮೂಗಿನ ಕೆಳಗೆ ಹಿಡಿದೆ. ಗಾಳಿ ಹತ್ತಲಿಲ್ಲ.

ಒನ್ಸ್ ಮೋರ್ ಅನ್ನುತ್ತಿದ್ದವರು ಒಬ್ಬೊಬ್ಬರೇ ಸುಮ್ಮನಾದರು. ಸಾವಿರ ಜನ ಸುಮ್ಮನಾದರೆ ಎಂಥ ಸಪ್ಪಳ ಕೇಳುತ್ತದೆ ಗೊತ್ತೇ? ತಾಡಪತ್ರಿ ಕಾದು ಚಟ ಚಟ ಅನ್ನುವುದು ಕೇಳುತ್ತದೆ. ಹೆಂಗಸರ ಕಡೆಯಿಂದ ಯಾವುದೋ ಮುದುಕಿ ನಿಧಾನಕ್ಕೆ ಅಂದಳು:

“ಖರೇನ ಸತ್ತಾನವ್ವಾ.”

ನಾನು ಚೂರಿ ಅಲ್ಲೇ ಒಗೆದು, ಹಿಂದಿನ ತಗಡು ಎತ್ತಿ ಹೊರಬಿದ್ದೆ.

ಬಬಲೇಶ್ವರದಲ್ಲಿ ನನ್ನ ಸಣ್ಣವ್ವ ಇದ್ದಳು, ತಾಯಿಯ ತಂಗಿ. ರಸ್ತೆ ಹಿಡಿದರೆ ಸಿಕ್ಕುತ್ತೇನೆಂದು ಹೊಲದೊಳಗಿಂದ ಓಡಿದೆ. ಕೊಯ್ದ ಜೋಳದ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಮೈಮೇಲೆ ಖಳನಾಯಕನ ಕರಿ ಅಂಗಿ, ಮುಖದ ಮೇಲೆ ಬರೆದ ಮೀಸೆ ಬೆವರಿಗೆ ಗಲ್ಲದವರೆಗೆ ಇಳಿದಿತ್ತು. ಒಂದು ಕಡೆ ಕುರಿ ಹಟ್ಟಿ ಸಿಕ್ಕಿತು. ನಾಯಿಗಳು ಮೈಮೇಲೆ ಬಂದವು. ಒಬ್ಬ ಹೆಂಗಸು ಅವನ್ನು ಗದರಿಸಿ, ನನ್ನ ಅವತಾರ ನೋಡಿ ತಾನೇ ಎರಡು ಹೆಜ್ಜೆ ಹಿಂದೆ ಸರಿದಳು. ಆದರೂ ಮಜ್ಜಿಗೆ ಕೊಟ್ಟಳು. ಕುಡಿಯುವಾಗ ನನ್ನ ಕೈ ನೋಡಿದಳು.

“ಕೈಯೆಲ್ಲಾ ಕೆಂಪಗ ಮಾಡಕೊಂಡೀಯಲ್ಲೋ ಯಪ್ಪಾ, ಯಾರ್ನ ಕಡದ ಬಂದಿ?”

ಸುಮ್ಮನೆ ಚಾಷ್ಟಿಗೆ ಕೇಳಿದ್ದಳು. ಚರಿಗೆ ಕೈಯಿಂದ ಬಿತ್ತು. ನಾನು ಮತ್ತೆ ಓಡಿದೆ.

ಸಣ್ಣವ್ವನಿಗೆ ಎಲ್ಲ ಹೇಳಿದೆ. ಅವಳು ಮೊದಲು ನಂಬಲೇ ಇಲ್ಲ, ಇದೂ ನನ್ನ ಒಂದು ಆಟ ಅಂದುಕೊಂಡಳು. ನಾನು ಊಟ ಮುಟ್ಟದೆ ಇದ್ದದ್ದು ನೋಡಿದ ಮೇಲೆ ನಂಬಿದಳು. ಮೂರು ದಿನ ಆ ಮನೆಯಲ್ಲಿ ನಾನು ಹೇಗಿದ್ದೆ ಎಂದು ಹೇಳಲು ನಾಚಿಕೆ. ಅಂಗಳದಲ್ಲಿ ಕೋಳಿ ಕೆದರಿದರೂ ಬೂಟಿನ ಸಪ್ಪಳ ಅನ್ನಿಸುತ್ತಿತ್ತು. ಸಣ್ಣವ್ವ ರೊಟ್ಟಿಗೆ ಹಿಟ್ಟು ನಾದಲು ಕೂತರೆ ಎದ್ದು ಹೊರಗೆ ಹೋಗುತ್ತಿದ್ದೆ. ಕೈಯ ಕೆಂಪು ಮಾತ್ರ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದಿತ್ತು. ಗಲ್ಲಿಗೇರಿಸುವಾಗ ಟೋಪಿ ಹಾಕುತ್ತಾರಂತೆ, ಆಗ ಉಸಿರಾಡಲು ಆಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅದಕ್ಕಿಂತ ಹೆಚ್ಚು ಯೋಚಿಸಿದ್ದು ಆ ಬೆಳಕಿನ ಬಗ್ಗೆ. ನಾನು ಓಡಿದಮೇಲೆ ಅದು ಅವನ ಮುಖ ಬಿಟ್ಟು ಎಷ್ಟು ದೂರ ಸರಿದಿರಬಹುದು?

ನಾಲ್ಕನೆಯ ದಿನ ಬೆಳಿಗ್ಗೆ ಸಣ್ಣವ್ವ ಬಾಗಿಲಿನಿಂದ ಓಡಿಬಂದಳು. “ಖಾಕಿ ಬಂತೋ! ಓಣಿ ಕಡೀಗೆ ಮನಿ ಮನಿ ಕೇಳಾಕತ್ತಾನ!”

ಅಂಗಳದಲ್ಲಿ ಅವರ ಹಗೇವು ಇತ್ತು. ಜೋಳ ಕೂಡಿಡಲು ನೆಲದೊಳಗೆ ತೋಡಿದ, ಬಾಯಿ ಸಣ್ಣದಾಗಿ ಒಳಗೆ ಗಡಿಗೆಯ ಹಾಗೆ ಅಗಲವಾದ ಹೊಂಡ. ಕಾಳು ತೆಗೆದು, ಕೆಟ್ಟ ಗಾಳಿ ಹೋಗಲೆಂದು ಎಂಟು ದಿನದಿಂದ ಬಾಯಿ ತೆರೆದಿಟ್ಟಿದ್ದರು. ನಾನು ಅದರಲ್ಲಿ ಇಳಿದೆ. ಒಳಗೆ ಹಳೆಯ ಜೋಳದ ಮುಗ್ಗಲು ವಾಸನೆ. ಮೇಲೆ ರೊಟ್ಟಿಯಷ್ಟು ಆಕಾಶ. ಬೂಟು ಅಂಗಳಕ್ಕೆ ಬಂದವು.

“ತಿಕೋಟಾದಾಗ ಖೂನ್ ಆಗೈತಿ! ಮಲ್ಲೇಶಿ ಅನ್ನೋ ಬದ್ಮಾಷ್ ಎಲ್ಲಿ ಅದಾನ?” ದಪ್ಪ ದನಿ.

ಸಣ್ಣವ್ವ ಒಂದು ಮಾತೂ ಆಡಲಿಲ್ಲ. ಧೈರ್ಯವಂತೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಬಾಯಿ ಬರದೆ ಕೈ ಮಾಡಿ ಹಗೇವು ತೋರಿಸಿದ್ದಳಂತೆ. ರೊಟ್ಟಿಯಷ್ಟು ಆಕಾಶವನ್ನು ಒಂದು ಖಾಕಿ ಟೋಪಿ ಮುಚ್ಚಿತು. ಮೇಲಿನಿಂದ ಏನೋ ಬಿದ್ದು ನನ್ನ ನೆತ್ತಿಗೆ ಬಡಿಯಿತು. ಕತ್ತಲಲ್ಲಿ ಮುಟ್ಟಿ ನೋಡಿದೆ. ಕಲ್ಲಾದ ಜೋಳದ ಹಿಟ್ಟು.

“ಚೂರಿಯೊಳಗ ಸಿಕ್ಕೈತಿ. ಅದರಾಗ ಯಾರೋ ಎರಡು ಬೆರಳ ಒತ್ತ್ಯಾರ. ನಿನ್ನ ಬೆರಳ ಇಟ್ಟ ನೋಡು, ಕೂಡತಾವೇನು?”

ಇಟ್ಟು ನೋಡಲಿಲ್ಲ. ನನಗೆ ಗೊತ್ತಿತ್ತು. ಅಲ್ಲೇ ಕುಸಿದು ಬಡಬಡ ಎಲ್ಲ ಹೇಳಿಬಿಟ್ಟೆ. ಹಿಟ್ಟು ಕದ್ದದ್ದು, ತುಂಬಿದ್ದು, ಕುಯ್ಯೋ ಅನ್ನಿಸಬೇಕು ಅಂತಿದ್ದದ್ದು. “ನನಗಿಂತ ಚಲೋ ಮಾಡತಿದ್ದ ಸಾಹೇಬ್ರ. ಅದಕ್ಕ ಮಾಡಿದೆ. ಕೊಲ್ಲಾಕಲ್ರಿ. ನಗಸಾಕ್ರಿ.” ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಆಡಿದ ಮೊದಲ ಖರೇ ಮಾತು ಅದು.

“ಬಿದ್ದಮ್ಯಾಲೆ ಉಸಿರ ಐತೋ ಇಲ್ಲೋ ನೋಡಿದ್ಯಾ?”

“ನೋಡಿದ್ನಿರಿ. ಮೂಗಿನ ಹತ್ರ ಬೆರಳ ಹಿಡದ ನೋಡಿದ್ನಿರಿ.”

ಟೋಪಿ ಅಲುಗಾಡಲಿಲ್ಲ. ಆಮೇಲೆ ದನಿ ಬಂತು, ಈ ಸಲ ದಪ್ಪಗಿರಲಿಲ್ಲ:

“ಚಲೋ ಹೇಳ್ದಿ. ಒನ್ಸ್ ಮೋರ್.”

ನಾನು ಅತ್ತೆನೋ ನಕ್ಕೆನೋ ಸಣ್ಣವ್ವನನ್ನು ಕೇಳಬೇಕಿತ್ತು, ಈಗ ಅವಳಿಲ್ಲ. ಮೇಲೆ ಎಳೆದುಕೊಂಡಾಗ ಚನ್ನಬಸುವಿನ ಕಾಲು ಹಿಡಿದೆ, ಆಮೇಲೆ ಅದೇ ಕಾಲಿಗೆ ಒದ್ದೆ. ಕಂಪನಿಯ ಪೊಲೀಸ್ ಡ್ರೆಸ್ಸಿನ ಗುಂಡಿ ಬಿಚ್ಚಿ ಪಕ್ಕೆ ತೋರಿಸಿದ. ಒಂದು ಬೆರಳಿನಷ್ಟು ಉದ್ದದ ಗಾಯ, ಮೇಲೆ ತಾರಾಬಾಯಿ ಮೆತ್ತಿದ ಅರಿಶಿಣ. ಎಲುಬಿಗೆ ತಾಗಿ ತಗಡು ಜಾರಿತ್ತು. ಬಬಲೇಶ್ವರದಲ್ಲಿ ಸಣ್ಣವ್ವ ಇದ್ದಾಳೆಂದು ಹಿಂದೊಮ್ಮೆ ನಾನೇ ಅವನಿಗೆ ಹೇಳಿದ್ದೆ. ಹಿಡಿಕೆಯ ಹಿಟ್ಟನ್ನು ಯಾರಿಗೂ ಕಾಣದಂತೆ ತೆಗೆದು ಕಿಸೆಯಲ್ಲಿ ಹಾಕಿಕೊಂಡಿದ್ದ. ಮಾಲಕರಿಗೆ ಗೊತ್ತಾಗಿದ್ದರೆ ನಾನು ಖರೇ ಖಾಕಿಯ ಕೈಗೆ ಸಿಗುತ್ತಿದ್ದೆ.

“ಯಾಕ ಏಳಲಿಲ್ಲೋ, ಭಾಡ್ಯಾ? ನೋವಿಗೇನು?”

“ನೋವು ಇತ್ತು. ಆದ್ರ ಏಳಬೋದಿತ್ತು. ಎದ್ದು ಮತ್ತ ಬಿದ್ದಿದ್ರ ಬೆಳಕ ಸರದಿರತಿತ್ತು.”

ತಾರಾಬಾಯಿ ಆವತ್ತು ಪದ ಹೇಳದೆ ಸುಮ್ಮನೆ ಕೂತು ಅತ್ತಳಂತೆ. ಜನ ಚಪ್ಪಾಳೆ ಹೊಡೆಯಲಿಲ್ಲ, ಸೀಟಿ ಹಾಕಲಿಲ್ಲ, ಹೆಣದ ಮನೆಯಿಂದ ಎದ್ದುಹೋಗುವಂತೆ ಎದ್ದು ಹೋದರಂತೆ. ಚಪ್ಪಾಳೆ ಬಾರದ್ದು ನೋಡಿ ಮಾಲಕರು ಆಟ ಬಿದ್ದುಹೋಯಿತೆಂದು ತಿಳಿದು, ಅವನನ್ನು ಕಂಪನಿಯಿಂದ ತೆಗೆದರು. ಅವನು ಮದ್ರಾಸಿಗೆ ಹೊರಟಿದ್ದ. ಡ್ರೆಸ್ಸು ಬಿಚ್ಚಿ ನನ್ನ ಕೈಗೆ ಕೊಟ್ಟ. “ಮಾಲಕ್ರಿಗೆ ವಾಪಸ್ ಕೊಡು. ಖೂನಿ ಮಾಡಿದಾಂವ ಪೊಲೀಸ್ ಅಂಗಿ ತಗೊಂಡ ಬರೂದು ಚಂದ ಕಾಣತೈತಿ,” ಎಂದು ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು ವಿಜಾಪುರದ ಬಸ್ಸಿಗೆ ನಡೆದ.

ಮುಂದಿನದು ಪೇಪರಿನವರು ಬರೆದಿದ್ದಾರೆ. ಮದ್ರಾಸಿನಲ್ಲಿ ಗುಂಪಿನಲ್ಲಿ ನಿಲ್ಲುವ ಪಾತ್ರ, ಆಮೇಲೆ ಎರಡು ಮಾತಿನ ಪಾತ್ರ, ಆಮೇಲೆ ನಿರ್ದೇಶಕರ ಕೈಕೆಳಗೆ ದುಡಿತ. ಎಂಟು ವರ್ಷದ ಮೇಲೆ ತಾನೇ ಒಂದು ಸಿನೆಮಾ ಮಾಡಿದ. ಅದಕ್ಕೇ ಆ ಪದಕ. ವಿಜಾಪುರದ ಟಾಕೀಸಿಗೆ ಅದು ಬಂದಾಗ ಅವನೂ ಬಂದ. ಮಧ್ಯಾಹ್ನದ ಆಟಕ್ಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ.

ಸಿನೆಮಾದಲ್ಲಿ ಒಬ್ಬ ತನ್ನ ಗೆಣೆಯನನ್ನು ಕೊಲ್ಲುತ್ತಾನೆ. ಪದ ಇಲ್ಲ, ನಗು ಇಲ್ಲ. ಹರಕು ಚಾವಣಿಯಿಂದ ಒಂದು ಕೋಲು ಬೆಳಕು. ಕೊಂದವನು ಮೊಣಕಾಲೂರಿ ಬಾಗುತ್ತಾನೆ, ಎರಡು ಬೆರಳು ಸತ್ತವನ ಮೂಗಿನ ಕೆಳಗೆ ಹಿಡಿಯುತ್ತಾನೆ, ಹಿಡಿದೇ ಇರುತ್ತಾನೆ. ಟಾಕೀಸಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಮಾತ್ರ ಮತ್ತೆ ಹಗೇವಿನೊಳಗೆ ಕೂತಿದ್ದೆ.

ಆಮೇಲೆ ಗುಡಿಯ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕೂತೆವು.

“ಆ ಬೆರಳು…” ಎಂದೆ.

“ನೀನ ಹೇಳಿದ್ದೆಲ್ಲೋ, ಹಗೇವಿನಾಗಿಂದ.”

“ನೀ ಅದನ್ನ ಖರೇ ಅಂದಕೊಂಡ್ಯಾ?”

“ಕಣ್ಣು ಅರ್ಧ ತೆರದ ಮಲಗಿದ್ನಲ್ಲೋ, ಮಲ್ಲೇಶಿ.” ಅವನು ಬಶಿಗೆ ಚಹಾ ಸುರಿದು ಆರಿಸಿಕೊಂಡ. “ಈಗ ಬಗ್ಗತಾನ, ಈಗ ಬಗ್ಗತಾನ ಅಂತ ನೋಡಿದೆ. ಕಂಡದ್ದು ನಿನ್ನ ಓಡೂ ಹಿಮ್ಮಡ.”

ನೀವು ಹಿಡಿಯಲಿಲ್ಲ, ಹೌದೋ? ಆ ಎರಡು ಬೆರಳೇ ಸುಳ್ಳು. ನಾನು ಬಾಗಲಿಲ್ಲ, ಮುಟ್ಟಲಿಲ್ಲ, ನೋಡಲಿಲ್ಲ. ಮುದುಕಿ ಸತ್ತಾನ ಅಂದಳು, ನಾನು ಓಡಿದೆ.

ಸಿಟ್ಟಿದ್ದಿದ್ದರೆ ಅವನು ಆ ಓಟವನ್ನೇ ಸಿನೆಮಾದಲ್ಲಿ ತೋರಿಸುತ್ತಿದ್ದ, ಇಡೀ ದೇಶ ನೋಡುತ್ತಿತ್ತು. ಏಕೆ ತೋರಿಸಲಿಲ್ಲ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ, ಬಶಿ ಕೆಳಗಿಟ್ಟು, ಹೊರಗೆ ಗುಡಿಯ ಗೋಡೆಯ ಮೇಲೆ ಸರಿಯುತ್ತಿದ್ದ ಬಿಸಿಲು ನೋಡುತ್ತಾ:

“ಇಡೀ ಸಿನೆಮಾದಾಗ ಅದೊಂದ ಸುಳ್ಳು. ಉಳದದ್ದೆಲ್ಲಾ ಖರೇ.”